ನಮ್ಮ ಶಾಲೆಯ ಚಿಕ್ಕ ರೈಲೂ ಅದರ ಎರಡು ಟ್ರಾನ್ಸ್‌ಫಾರ್ಮರುಗಳೂ

ನಮ್ಮ ಶಾಲೆಯ ವಿಜ್ಞಾನದ ಕೋಣೆಯಲ್ಲಿ ಉದ್ದನೆಯ ಮೇಜಿನ ಮೇಲೆ ಓಡುವ ಚಿಕ್ಕ ರೈಲುಗಾಡಿಯನ್ನು ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಕಣ್ಣಾರೆ ಕಂಡಿದ್ದೀರಿ; ಕಾಣದವರು ತಂಗಿಯರ ಬಾಯಿಂದಲೋ ಮಕ್ಕಳ ಬಾಯಿಂದಲೋ ಅದರ ವರ್ತಮಾನವನ್ನು ಕೇಳಿದ್ದೀರಿ. ವಿಜ್ಞಾನ ಪ್ರದರ್ಶನದ ದಿವಸ ಆ ಮೇಜಿನ ಬಳಿಯಲ್ಲಿ ಒಬ್ಬ ಹುಡುಗಿಗೆ ವಿದ್ಯುತ್ತಿನ ಆಘಾತವಾದ ಸಂಗತಿಯೂ ನಿಮ್ಮ ಕಿವಿಗೆ ಬಿದ್ದಿರಬೇಕು. ಅದು ಒಬ್ಬರಿಂದೊಬ್ಬರಿಗೆ ದಾಟುವಷ್ಟರಲ್ಲಿ ಎಷ್ಟು ಬೆಳೆದಿದೆಯೆಂದರೆ, ಕಳೆದ ವರ್ಷ ಒಬ್ಬ ತಾಯಿಯವರು ಪ್ರವೇಶದ ಅರ್ಜಿಯನ್ನು ಕೈಯಲ್ಲಿ ಹಿಡಿದುಕೊಂಡೇ, ಆ ರೈಲನ್ನು ಇನ್ನೂ ಇಟ್ಟಿದ್ದೀರೋ ಎಂದು ನಮ್ಮನ್ನು ಕೇಳಿದರು. ಇಟ್ಟಿದ್ದೇವೆ. ಯಾಕೆ ಇಟ್ಟಿದ್ದೇವೆ, ಅಂದು ನಡೆದದ್ದೇನು, ಅಂಥದ್ದು ತಿರುಗಿ ನಡೆಯದಂತೆ ಏನು ಮಾಡಿದ್ದೇವೆ ಎಂಬುದನ್ನು ಈ ಸ್ಮರಣ ಸಂಚಿಕೆಯಲ್ಲಿ ವಿವರಿಸುವುದು ನಮ್ಮ ಕರ್ತವ್ಯವೆಂದು ತಿಳಿದು ಬರೆಯುತ್ತಿದ್ದೇವೆ. ತಪ್ಪು ನಮ್ಮದಾಗಿತ್ತೆಂಬುದನ್ನು ಮೊದಲೇ ಹೇಳಿಬಿಡುವೆವು.

ರೈಲು ಜರ್ಮನಿ ದೇಶದಿಂದ ಬಂದ ಕಾಣಿಕೆ. ಅದನ್ನು ಮಾಡಿದ ಮೆರ್ಕ್ಲಿನ್ ಎಂಬ ಕಂಪನಿಯು 1859ರಲ್ಲಿ ಗೊಪ್ಪಿಂಗೆನ್ ಎಂಬ ಊರಿನಲ್ಲಿ ಆರಂಭವಾಯಿತು. ಮೊದಮೊದಲು ಅಲ್ಲಿ ತಯಾರಾಗುತ್ತಿದ್ದದ್ದು ರೈಲಲ್ಲ, ಬೊಂಬೆಮನೆಯ ತಗಡಿನ ಅಡಿಗೆಯ ಸಾಮಾನು. 1866ರಲ್ಲಿ ಯಜಮಾನನು ತೀರಿಕೊಂಡ ತರುವಾಯ ಆತನ ಪತ್ನಿಯಾದ ಕರೋಲಿನ್ ಮೆರ್ಕ್ಲಿನ್ ಎಂಬಾಕೆಯು, ಹೆಂಗಸರು ವ್ಯಾಪಾರಕ್ಕಾಗಿ ಊರೂರು ತಿರುಗುವುದು ಅಪರೂಪವಾಗಿದ್ದ ಕಾಲದಲ್ಲಿ, ತಾನೇ ತಿರುಗಿ ಆ ಉದ್ಯೋಗವನ್ನು ಉಳಿಸಿದಳು. ಗೊಪ್ಪಿಂಗೆನ್ ಇರುವುದು ವುರ್ಟೆಂಬರ್ಗ್ ಸೀಮೆಯಲ್ಲಿ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರು ಹುಟ್ಟಿದ್ದೂ ಅದೇ ಸೀಮೆಯಲ್ಲಿಯೇ. ರೈಲಿನ ಪೆಟ್ಟಿಗೆಯನ್ನು ಬಿಚ್ಚಿದ ದಿವಸ ಹುಡುಗಿಯರಿಗೆ ಇದನ್ನೆಲ್ಲಾ ನಾವು ಬಹಳ ಉತ್ಸಾಹದಿಂದ ಹೇಳಿದೆವು. ಅದೇ ಪೆಟ್ಟಿಗೆಯಲ್ಲಿದ್ದ ಜರ್ಮನ್ ಭಾಷೆಯ ಕೈಪಿಡಿಯನ್ನು ಮಾತ್ರ ಓದಿಸಿಕೊಳ್ಳದೆ ಕಪಾಟಿನಲ್ಲಿ ಇಟ್ಟೆವು.

ಈ ರೈಲು ಓಡುವ ಬಗೆಯನ್ನು ತಿಳಿಯದೆ ಮುಂದಿನದು ತಿಳಿಯಲಾರದು. ನಮ್ಮ ಮನೆಗಳ ಗೋಡೆಗೆ ಬರುವ ವಿದ್ಯುತ್ತು 230 ವೋಲ್ಟಿನದು. ಅದು ಮನುಷ್ಯನನ್ನು ಕೊಲ್ಲಬಲ್ಲದು. ಹಳಿಯ ಮೇಲೆ ಇರುವುದಾದರೋ ಹೆಚ್ಚೆಂದರೆ 16 ವೋಲ್ಟು. ಒಣಗಿದ ಕೈಯಿಂದ ಮುಟ್ಟಿದರೆ ತಿಳಿಯುವುದೂ ಇಲ್ಲ. ಗಾಡಿಯ ದಿಕ್ಕನ್ನು ಬದಲಿಸುವಾಗ ಮಾತ್ರ ಒಂದು ಕ್ಷಣ 24 ವೋಲ್ಟು ಹೋಗುತ್ತದೆ. 230ನ್ನು 16ಕ್ಕೆ ಇಳಿಸುವ ಪೆಟ್ಟಿಗೆಯೇ ಟ್ರಾನ್ಸ್‌ಫಾರ್ಮರು. ಅದರೊಳಗೆ ಒಂದು ಕಬ್ಬಿಣದ ದಿಂಡಿಗೆ ಎರಡು ತಂತಿಯ ಸುರುಳಿಗಳನ್ನು ಸುತ್ತಿರುತ್ತಾರೆ. ಅವೆರಡೂ ಒಂದನ್ನೊಂದು ಮುಟ್ಟುವುದಿಲ್ಲ. ಒಂದರಲ್ಲಿ ಪ್ರವಾಹವು ಏರಿ ಇಳಿದರೆ ಕಬ್ಬಿಣದ ಮೂಲಕ ಮತ್ತೊಂದರಲ್ಲಿ ಪ್ರವಾಹವು ಹುಟ್ಟುತ್ತದೆ. ಮೈಕೇಲ್ ಫ್ಯಾರಡೆಯವರು 1831ರಲ್ಲಿ ಕಬ್ಬಿಣದ ಬಳೆಗೆ ಎರಡು ಸುರುಳಿಗಳನ್ನು ಸುತ್ತಿ ಕಂಡುಕೊಂಡದ್ದು ಇದನ್ನೇ. ಹಳಿಯ ಕಡೆಯ ಸುರುಳಿಗೆ ಒಂದು ಸುತ್ತಿದ್ದರೆ ಗೋಡೆಯ ಕಡೆಯ ಸುರುಳಿಗೆ ಹದಿನಾಲ್ಕಕ್ಕಿಂತ ತುಸು ಹೆಚ್ಚು ಸುತ್ತುಗಳು. ಆ ಪ್ರಮಾಣದಲ್ಲಿಯೇ ವೋಲ್ಟು ಇಳಿಯುತ್ತದೆ. ಇಷ್ಟನ್ನು ನಾವು ಹತ್ತನೆಯ ತರಗತಿಗೆ ಎಷ್ಟೋ ವರ್ಷ ಪಾಠ ಮಾಡಿದ್ದೆವು. ಪೆಟ್ಟಿಗೆಗೆ ಯಾವ ಕಡೆ ಗೋಡೆ, ಯಾವ ಕಡೆ ಹಳಿ ಎಂಬ ಅರಿವಿಲ್ಲವೆಂಬುದನ್ನು, ಅಂದರೆ ಹಳಿಯ ಕಡೆಯಿಂದ 16 ವೋಲ್ಟನ್ನು ಒಳಗೆ ಬಿಟ್ಟರೆ ಗೋಡೆಯ ಕಡೆಯಲ್ಲಿ 230 ವೋಲ್ಟು ಎದ್ದು ಬರುವುದೆಂಬುದನ್ನು, ಪುಸ್ತಕದಲ್ಲಿ ಓದಿದ್ದರೂ ಕೈಯಲ್ಲಿ ಓದಿರಲಿಲ್ಲ.

ಗಾಡಿಯ ಹೊಟ್ಟೆಯ ಕೆಳಗೆ ಉದ್ದನೆಯ ಒಂದು ಲೋಹದ ಪಟ್ಟಿ ಇದೆ. ಎರಡು ಹಳಿಗಳ ನಡುವೆ ಸಾಲಾಗಿರುವ ಚಿಕ್ಕ ಮೊಳೆಗಳ ಮೇಲೆ ಅದು ಜಾರುತ್ತ ವಿದ್ಯುತ್ತನ್ನು ತೆಗೆದುಕೊಳ್ಳುತ್ತದೆ. ಆ ವಿದ್ಯುತ್ತು ಚಕ್ರಗಳ ಮೂಲಕ ಹಳಿಗಳಿಗೆ ಇಳಿದು ಹಿಂದಿರುಗುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ಮೊಳೆಗಳಿಗೆ ಹೋಗುವುದು ಕೆಂಪು ತಂತಿ, ಹಳಿಗೆ ಹೋಗುವುದು ಕಂದು ತಂತಿ. ಒಂದು ಪೆಟ್ಟಿಗೆಯಿಂದ ಎರಡು ಇಂಜಿನುಗಳನ್ನೂ ದೀಪ ಹಚ್ಚಿದ ಡಬ್ಬಿಗಳನ್ನೂ ಎಳೆಯಿಸಲು ಹೋದಾಗ ರೈಲು ಏದುಸಿರು ಬಿಡುತ್ತಿತ್ತು. ಆದಕಾರಣ ಹಳಿಯ ಸುತ್ತನ್ನು ಎರಡು ಭಾಗ ಮಾಡಿ, ಭಾಗಗಳು ಕೂಡುವಲ್ಲಿ ನಡುವಣ ಮೊಳೆಸಾಲನ್ನು ಮಾತ್ರ ಕಡಿದು, ಒಂದೊಂದು ಭಾಗಕ್ಕೆ ಒಂದೊಂದು ಟ್ರಾನ್ಸ್‌ಫಾರ್ಮರನ್ನು ಜೋಡಿಸಿದೆವು. ಹಳಿಗಳು ಮಾತ್ರ ಎರಡಕ್ಕೂ ಒಂದೇ. ಇದರಲ್ಲಿ ತಪ್ಪೇನೂ ಇಲ್ಲ. ಎಲ್ಲರೂ ಹೀಗೆಯೇ ಮಾಡುವರು. ಆದರೆ ರೈಲು ಒಂದು ಭಾಗದಿಂದ ಮತ್ತೊಂದಕ್ಕೆ ದಾಟುವಾಗ ಅದರ ಹೊಟ್ಟೆಯ ಪಟ್ಟಿಯು ಒಂದು ಕ್ಷಣ ಎರಡೂ ಕಡೆಯ ಮೊಳೆಗಳನ್ನು ಮುಟ್ಟಿ, ಎರಡು ಟ್ರಾನ್ಸ್‌ಫಾರ್ಮರುಗಳನ್ನೂ ಕೈಕೈ ಹಿಡಿಸುತ್ತದೆ. ಆ ಕ್ಷಣದಲ್ಲಿ ಏನಾಗುವುದೆಂದು ನಾವು ಯೋಚಿಸಲಿಲ್ಲ.

ನಮ್ಮ ಸೀಮೆಯಲ್ಲಿ ಪಂಚಮಿಯ ಹಬ್ಬಕ್ಕೆ ಮರಗಳಿಗೆ ಜೋಕಾಲಿ ಕಟ್ಟುವರಷ್ಟೆ. ಅಕ್ಕಪಕ್ಕದ ಎರಡು ಜೋಕಾಲಿಗಳಲ್ಲಿ ಇಬ್ಬರು ಹುಡುಗಿಯರು ಕುಳಿತು ಜೀಕುತ್ತ ಒಬ್ಬರ ಕೈಯನ್ನೊಬ್ಬರು ಹಿಡಿದರೆಂದು ಭಾವಿಸಿರಿ. ಇಬ್ಬರೂ ಕೂಡಿಯೇ ಮುಂದಕ್ಕೆ ಹೋಗಿ ಕೂಡಿಯೇ ಹಿಂದಕ್ಕೆ ಬರುತ್ತಿದ್ದರೆ ಹಿಡಿದ ಕೈಗೆ ಯಾವ ಎಳೆತವೂ ಇಲ್ಲ. ಒಬ್ಬಳು ಮುಂದಕ್ಕೆ ಹೋಗುವಾಗ ಮತ್ತೊಬ್ಬಳು ಹಿಂದಕ್ಕೆ ಬರುತ್ತಿದ್ದರೆ ತೋಳು ಕಿತ್ತುಬರುವಂತಾಗುವುದು. ನಮ್ಮ ಗೋಡೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ಹೀಗೆ ಹೋಗಿ ಬರುತ್ತದೆ. ಎರಡು ಟ್ರಾನ್ಸ್‌ಫಾರ್ಮರುಗಳು ಕೂಡಿ ಜೀಕಿದರೆ ಅವು ಒಂದೇ ಫೇಸಿನಲ್ಲಿವೆ ಎನ್ನುತ್ತಾರೆ. ಆಗ ಎರಡೂ 16 ವೋಲ್ಟಿನಲ್ಲಿದ್ದರೆ ಒಂದರ ಕೆಂಪಿಗೂ ಮತ್ತೊಂದರ ಕೆಂಪಿಗೂ ನಡುವೆ ವೋಲ್ಟೇ ಇರದು. ಎದುರುಬದುರಾಗಿ ಜೀಕಿದರೆ ಆ ಎರಡರ ನಡುವೆ 32 ವೋಲ್ಟು! ಆ 32 ವೋಲ್ಟೂ ರೈಲಿನ ಹೊಟ್ಟೆಯ ಪಟ್ಟಿಯ ಮೂಲಕ ಎರಡೂ ಸುರುಳಿಗಳಲ್ಲಿ ಅಡ್ಡಿಯಿಲ್ಲದೆ ಸುತ್ತುವುದು. ಕಿಡಿ ಹಾರುವುದು, ಪಟ್ಟಿ ಸುಡುವುದು, ತಂತಿ ಕಾಯುವುದು. ಎರಡು ಕಡ್ಡಿಯ ಪ್ಲಗ್ಗನ್ನು ಗೋಡೆಗೆ ಹೇಗೆ ಚುಚ್ಚಿದರೂ ದೀಪ ಉರಿಯುತ್ತದಲ್ಲ, ಅದೇ ಇಲ್ಲಿ ಮೋಸಕ್ಕೆ ಕಾರಣ. ಪ್ಲಗ್ಗನ್ನು ತಿರುವಿ ಚುಚ್ಚಿದೊಡನೆ ಜೋಕಾಲಿಯ ದಿಕ್ಕು ತಿರುವುಮರುವಾಗುತ್ತದೆ. ಒಂಟಿ ಟ್ರಾನ್ಸ್‌ಫಾರ್ಮರಿಗೆ ಇದರಿಂದ ಏನೂ ಆಗದು, ಜೊತೆಯಲ್ಲಿ ಮತ್ತೊಂದಿದ್ದಾಗಲೇ ಆಗುವುದು.

ಪ್ರದರ್ಶನದ ದಿವಸ ಒಂದು ಪ್ಲಗ್ಗು ಕಿಟಕಿಯ ಕಡೆಯ ಗೋಡೆಯಲ್ಲಿತ್ತು, ಮತ್ತೊಂದು ಬಾಗಿಲ ಕಡೆಯ ಗೋಡೆಯಲ್ಲಿತ್ತು. ಬೆಳಗಿನಿಂದಲೂ ರೈಲು ಕೂಡುವ ಜಾಗವನ್ನು ದಾಟುವಾಗಲೆಲ್ಲಾ ಚಿಟ್ಟೆಂದು ಕಿಡಿ ಹಾರುತ್ತಿತ್ತು. ಮಕ್ಕಳು ಅದನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದರು, ನಾವೂ ನಕ್ಕೆವು. ಮಧ್ಯಾಹ್ನದ ಮೇಲೆ ಇಂಜಿನು ಸರಿಯಾಗಿ ಆ ಕೂಡುವ ಜಾಗದ ಮೇಲೆಯೇ ನಿಂತುಬಿಟ್ಟಿತು. ಗುಂಯ್ ಎಂಬ ಸದ್ದು, ಸುಟ್ಟ ವಾಸನೆ. ಬಾಗಿಲ ಬಳಿ ನಿಂತಿದ್ದ ಒಂಬತ್ತನೆಯ ತರಗತಿಯ ಹುಡುಗಿಗೆ ನಾವು, “ಪ್ಲಗ್ಗು ಕೀಳು, ಬೇಗ!” ಎಂದು ಕೂಗಿದೆವು. ಅವಳು ಕಿತ್ತಳು. ಕಿತ್ತ ಪ್ಲಗ್ಗನ್ನು ಮೇಜಿನ ಮೇಲೆ ಇಡುವಾಗ ಅವಳ ಬೆರಳುಗಳು ಅದರ ಎರಡು ಕಡ್ಡಿಗಳ ತುದಿಗೆ ತಾಕಿದವು. ಚೀರಿ ಹಿಂದಕ್ಕೆ ಬಿದ್ದಳು. ಕೈ ಬಹಳ ಹೊತ್ತು ಜೋಮು ಹಿಡಿದಿತ್ತು. ವೈದ್ಯರು ನೋಡಿ, ಏನೂ ಭಯವಿಲ್ಲವೆಂದು ಹೇಳಿದ ಮೇಲೆ ನಮ್ಮ ಜೀವ ತಿರುಗಿ ಬಂದಿತು. ಅವಳು ಮೊದಲು ಆಡಿದ ಮಾತು ಇದು: “ಅಕ್ಕಾರ, ನಾ ಕಿತ್ತಿದ್ನೆರಿ. ಕಿತ್ತಿದ್ದು ಹ್ಯಾಂಗ ಹೊಡೀತು?”

ನಮ್ಮಲ್ಲಿ ಉತ್ತರವಿರಲಿಲ್ಲ. ಟ್ರೈನಿಂಗ್ ಆಗಿ ಇಪ್ಪತ್ತು ವರ್ಷ ಪಾಠ ಹೇಳಿದ ನಾವು, ಅವಳು ಏನನ್ನೋ ತಪ್ಪಾಗಿ ಮುಟ್ಟಿರಬೇಕೆಂದು ಒಂದು ಘಳಿಗೆ ನೆನಸಿಕೊಂಡದ್ದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಮರುದಿವಸ ಅವಳ ತಾಯಿಯೂ ತಂದೆಯೂ ಬಂದರು. ಇನ್ನು ಮಗಳು ವಿಜ್ಞಾನದ ಕೋಣೆಯಲ್ಲಿ ಕಾಲಿಡಕೂಡದು ಎಂದು ತಾಯಿಯವರು ಖಂಡಿತವಾಗಿ ಹೇಳಿದರು. ತಂದೆಯವರು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಕೆಲಸ ಮಾಡುವವರು. ಅವರು ಬಹಳ ಹೊತ್ತು ಮಾತಾಡದೆ ಮೇಜಿನ ಸುತ್ತ ತಿರುಗಿ, ಬಗ್ಗಿ ತಂತಿಗಳನ್ನು ಒಂದೊಂದಾಗಿ ನೋಡಿ, ಕಡೆಗೆ ನಮ್ಮ ಕಡೆ ತಿರುಗಿ ಹೇಳಿದರು: “ಅಕ್ಕಾರ, ಕಂಬದ ಮ್ಯಾಲೆ ನಾವು ಅಂಜೂದು ಇದಕ್ಕರಿ. ಲೈನ್ ಬಂದ್ ಐತಿ ಅಂತ ಮುಟ್ಟಾಂಗಿಲ್ಲ. ಯಾವುದೋ ಮನ್ಯಾಗ ಜನರೇಟರ್ ಹಚ್ಚಿರತಾರ.”

ಅವರು ವಿವರಿಸಿದ ಮೇಲೆ ಸಂಗತಿಯು ನಮಗೆ ಹಗಲಿನಂತೆ ಸ್ಪಷ್ಟವಾಯಿತು. ಬಾಗಿಲ ಕಡೆಯ ಟ್ರಾನ್ಸ್‌ಫಾರ್ಮರಿನ ಪ್ಲಗ್ಗು ಗೋಡೆಯಿಂದ ಹೊರಗೆ ಬಂದಿತ್ತು, ನಿಜ. ಆದರೆ ಕಿಟಕಿಯ ಕಡೆಯ ಟ್ರಾನ್ಸ್‌ಫಾರ್ಮರು ಇನ್ನೂ ನಡೆಯುತ್ತಿತ್ತು, ಮತ್ತು ಇಂಜಿನು ಎರಡೂ ಭಾಗಗಳ ಮೇಲೆ ಕಾಲಿಟ್ಟು ನಿಂತಿತ್ತು. ಕಿಟಕಿಯ ಕಡೆಯದರ ವಿದ್ಯುತ್ತು ಇಂಜಿನಿನ ಹೊಟ್ಟೆಯ ಪಟ್ಟಿಯ ಮೂಲಕ ಬಾಗಿಲ ಕಡೆಯದರ ಚಿಕ್ಕ ಸುರುಳಿಗೆ ಹಿಂದಿನಿಂದ ಹೊಕ್ಕಿತು. ಆ ಪೆಟ್ಟಿಗೆಯು ತನ್ನ ಸ್ವಭಾವದಂತೆ ಅದನ್ನು ಏರಿಸಿ, ಪ್ಲಗ್ಗಿನ ಬರಿಯ ಕಡ್ಡಿಗಳಲ್ಲಿ ಮನೆಯ ವಿದ್ಯುತ್ತಿನಷ್ಟೇ ವೋಲ್ಟನ್ನು ತಂದು ನಿಲ್ಲಿಸಿತು. ಕಿತ್ತ ಪೆಟ್ಟಿಗೆಯ ಗುಂಡಿಯನ್ನು ಕಡಿಮೆ ವೇಗಕ್ಕೆ ತಿರುಗಿಸಿದ್ದರೆ ಅದಕ್ಕಿಂತಲೂ ಹೆಚ್ಚು ಏರಬಹುದು. ಯಾಕಂದರೆ ಆಗ ವಿದ್ಯುತ್ತು ಹೊಗುವ ಸುತ್ತುಗಳು ಇನ್ನೂ ಕಡಿಮೆ. ಗೋಡೆಯ ತೂತಿನಲ್ಲಿ ಅಡಗಿರಬೇಕಾದದ್ದು ಹುಡುಗಿಯ ಕೈಯಲ್ಲಿತ್ತು. ಪ್ಲಗ್ಗು ಕಿತ್ತರೆ ಭಯವಿಲ್ಲವೆಂದು ನಾವು ಕಲಿಸಿದ ಪಾಠವನ್ನು ಅವಳು ಅಕ್ಷರಶಃ ಪಾಲಿಸಿದ್ದೇ ಅವಳ ಅಪರಾಧ. ಮುಂದೆ ಆ ಜರ್ಮನ್ ಕೈಪಿಡಿಯನ್ನು ಬಲ್ಲವರಿಂದ ಓದಿಸಿದಾಗ ಇದೇ ಎಚ್ಚರಿಕೆಯು ಅದರಲ್ಲಿ ಅಚ್ಚಾಗಿತ್ತು.

ಕಂಬದ ಮಾತನ್ನೂ ಪೋಷಕರು ಗಮನಿಸಬೇಕು. ಬೀದಿಯ ಟ್ರಾನ್ಸ್‌ಫಾರ್ಮರು 11,000 ವೋಲ್ಟನ್ನು ನಮ್ಮ ಮನೆಗಳಿಗಾಗಿ ಇಳಿಸುತ್ತದೆ. ವಿದ್ಯುತ್ತು ಹೋದಾಗ ಯಾರಾದರೂ ಜನರೇಟರನ್ನು ಚೇಂಜ್‌ಓವರ್ ಸ್ವಿಚ್ಚಿಲ್ಲದೆ ಮನೆಯ ಸಾಕೆಟ್ಟಿಗೇ ಜೋಡಿಸಿದರೆ, ಅದು ಬೀದಿಗೆ ಹಿಂದೆಹರಿದು, ಅದೇ ಟ್ರಾನ್ಸ್‌ಫಾರ್ಮರಿನಲ್ಲಿ ಏರಿ, ಸತ್ತಿದೆಯೆಂದು ನಂಬಿ ತಂತಿಯನ್ನು ಮುಟ್ಟಿದವನನ್ನು ಕೊಲ್ಲಬಲ್ಲದು. ಆದಕಾರಣವೇ ಅವರು ಲೈನು ಬಂದಾದ ಮೇಲೆಯೂ ಉದ್ದನೆಯ ಕೋಲಿನಿಂದ ತಂತಿಗಳನ್ನು ಭೂಮಿಗೆ ಸೇರಿಸಿದಲ್ಲದೆ ಮುಟ್ಟುವುದಿಲ್ಲ. ನಿಮ್ಮ ಮನೆಯಲ್ಲಿ ಜನರೇಟರು ಇದ್ದರೆ ಆ ಸ್ವಿಚ್ಚು ಇದೆಯೋ ಇಲ್ಲವೋ ನೋಡಿಸಿರಿ.

ಇನ್ನು ಫೇಸು ಕೂಡಿಸುವ ವಿಚಾರ. ಆ ತಂದೆಯವರ ಸಲಹೆಯಂತೆ, ತಾಯಿಯವರ ಸಮಕ್ಷಮದಲ್ಲಿಯೇ, ಒಂದು ಶನಿವಾರ ಹುಡುಗಿಯರೊಂದಿಗೆ ಪರೀಕ್ಷೆಗೆ ತೊಡಗಿದೆವು. ಇಂಜಿನುಗಳನ್ನು ಹಳಿಯಿಂದ ಎತ್ತಿ, ಕೆಂಪು ತಂತಿಗಳನ್ನು ಹಳಿಯಿಂದ ಬಿಚ್ಚಿ, ಎರಡು ಟ್ರಾನ್ಸ್‌ಫಾರ್ಮರುಗಳ ಕಂದು ತಂತಿಗಳನ್ನು ಒಂದಕ್ಕೊಂದು ಕಟ್ಟಿ, ಕೆಂಪಿಗೂ ಕೆಂಪಿಗೂ ನಡುವೆ ರೈಲಿನ ದೀಪವೊಂದನ್ನು ಸೇರಿಸಿದೆವು. ಗುಂಡಿಗಳನ್ನು ಪೂರ್ತಿ ತಿರುಗಿಸದೆ ಅರ್ಧಕ್ಕೆ, ಅಂದರೆ ಸುಮಾರು 8 ವೋಲ್ಟಿಗೆ, ನಿಲ್ಲಿಸತಕ್ಕದ್ದು. ಆಗ ಎದುರುಬದುರಾಗಿದ್ದರೂ ದೀಪಕ್ಕೆ ಸಿಕ್ಕುವುದು 16 ವೋಲ್ಟೇ. ಪೂರ್ತಿ ತಿರುಗಿಸಿದರೆ 32 ವೋಲ್ಟಿಗೆ ದೀಪವು ಸುಟ್ಟುಹೋಗುವುದು. ದೀಪ ಆರಿದ್ದರೆ ಫೇಸು ಕೂಡಿದೆ, ಪ್ರಕಾಶವಾಗಿ ಉರಿದರೆ ಕೂಡಿಲ್ಲ, ಒಂದು ಪ್ಲಗ್ಗನ್ನು ತಿರುವಿ ಹಾಕಬೇಕು ಎಂಬುದೇ ನಿಯಮ.

ಸ್ವಿಚ್ಚು ಹಾಕಿದೆವು. ದೀಪ ಉರಿಯಲಿಲ್ಲ. ಎಲ್ಲರಿಗೂ ಸಂತೋಷವಾಯಿತು. ಆದರೆ ಪೆಟ್ಟು ತಿಂದ ಆ ಹುಡುಗಿಯೇ, “ಅಕ್ಕಾರ, ದೀಪಾನ ಕೆಟ್ಟಿದ್ರ?” ಎಂದು ಕೇಳಿದಳು. ತೆಗೆದು ಒಂಟಿ ಟ್ರಾನ್ಸ್‌ಫಾರ್ಮರಿಗೆ ಹಚ್ಚಿ ನೋಡಿದರೆ ಅದರ ತಂತಿ ಕಡಿದಿತ್ತು! ಈ ಪರೀಕ್ಷೆಯಲ್ಲಿರುವ ದೊಡ್ಡ ಕೊರತೆ ಇದು: ಕೆಟ್ಟ ದೀಪವೂ ಆರಿದ ದೀಪವೂ ಒಂದೇ ಸಾಕ್ಷಿ ನುಡಿಯುತ್ತವೆ. ಆದ್ದರಿಂದ ಪ್ರತಿ ಸಲವೂ ಮೊದಲು ದೀಪವನ್ನು ಪರೀಕ್ಷಿಸಿದ ಮೇಲೆಯೇ ಅದರಿಂದ ಪರೀಕ್ಷಿಸಬೇಕು. ಮಲ್ಟಿಮೀಟರು ಇದ್ದವರು ಅದನ್ನು ಪರ್ಯಾಯ ಪ್ರವಾಹದ ಸ್ಥಾನಕ್ಕೆ ತಿರುಗಿಸಿ ನೋಡುವುದು ಇನ್ನೂ ಒಳ್ಳೆಯದು.

ಹೊಸ ದೀಪ ಹಾಕಿದಾಗ ಚೆನ್ನಾಗಿ ಉರಿಯಿತು. ಒಂದು ಪ್ಲಗ್ಗನ್ನು ತಿರುವಿ ಹಾಕಿದೆವು. ಬೆಳಕು ತಗ್ಗಿತೇ ಹೊರತು ಆರಲಿಲ್ಲ. ಮತ್ತೆ ತಿರುವಿದೆವು, ಮತ್ತೆ ಹೆಚ್ಚಿತು. ಹೇಗೆ ಹಾಕಿದರೂ ಉರಿಯುತ್ತದೆ! ಇದಕ್ಕೂ ಲೈನ್‌ಮನ್ನರೇ ಉತ್ತರ ಹೇಳಿದರು. ನಮ್ಮಂಥ ದೊಡ್ಡ ಕಟ್ಟಡಗಳಿಗೆ ವಿದ್ಯುತ್ತು ಮೂರು ಫೇಸುಗಳಲ್ಲಿ ಬರುತ್ತದೆ. ಮೂರು ಜೋಕಾಲಿಗಳು ಒಂದಾದ ಮೇಲೊಂದು, ಸುತ್ತಿನ ಮೂರನೆಯ ಒಂದು ಪಾಲಿನಷ್ಟು ಅಂತರದಲ್ಲಿ ಜೀಕುತ್ತವೆ. ಕಿಟಕಿಯ ಕಡೆಯ ಗೋಡೆಗೆ ಒಂದು ಫೇಸು, ಬಾಗಿಲ ಕಡೆಯದಕ್ಕೆ ಮತ್ತೊಂದು. ಪ್ಲಗ್ಗನ್ನು ಎಷ್ಟು ತಿರುವಿದರೂ ಆ ಎರಡು ಕೂಡಲಾರವು: ಎರಡೂ 8 ವೋಲ್ಟಿನಲ್ಲಿದ್ದರೆ ಒಂದು ರೀತಿ ಹಾಕಿದಾಗ ನಡುವೆ 8 ವೋಲ್ಟು, ಇನ್ನೊಂದು ರೀತಿ ಹಾಕಿದಾಗ ಸುಮಾರು 14 ವೋಲ್ಟು ಉಳಿದೇ ಉಳಿಯುತ್ತದೆ. ಎರಡೂ ಪ್ಲಗ್ಗುಗಳನ್ನು ಒಂದೇ ಬೋರ್ಡಿಗೆ ತಂದು ಹಾಕಿದೆವು. ಒಮ್ಮೆ ಉರಿಯಿತು, ಪ್ಲಗ್ಗನ್ನು ತಿರುವಿ ಹಾಕಿದಾಗ ಕಪ್ಪಾಯಿತು. ತಾಯಿಯವರು ಮುಂದೆ ಬಂದು, ತಾವೇ ಸ್ವಿಚ್ಚನ್ನು ಒತ್ತಿ ಎರಡು ಸಲ ನೋಡಿದರು.

ಪ್ಲಗ್ಗನ್ನು ತಿರುವುವಾಗಲೂ ಆ ಹಿಂದಿನ ಅಪಾಯವು ಕಾದಿರುವುದೆಂಬುದನ್ನು ಮರೆಯಬಾರದು. ದೀಪದ ಮೂಲಕವೂ ವಿದ್ಯುತ್ತು ಹಿಂದೆಹರಿಯಬಲ್ಲದು. ಆದಕಾರಣ ಮೊದಲು ಬೋರ್ಡಿನ ದೊಡ್ಡ ಸ್ವಿಚ್ಚನ್ನು ಆರಿಸಿ, ದೀಪದ ತಂತಿಯನ್ನು ಬಿಚ್ಚಿ, ಆಮೇಲೆ ಪ್ಲಗ್ಗಿಗೆ ಕೈ ಹಾಕುವುದು. ಸರಿಯಾದ ಸ್ಥಿತಿ ಸಿಕ್ಕ ಕೂಡಲೇ ಪ್ಲಗ್ಗಿನ ಮೇಲೂ ಬೋರ್ಡಿನ ಮೇಲೂ ಒಂದೇ ಕಡೆ ಗುರುತು ಮಾಡಬೇಕು. ಬಣ್ಣ ತರಲು ಹೇಳಿದಾಗ ನಮ್ಮ ಬೋರ್ಡಿಂಗಿನ ಒಬ್ಬ ಹುಡುಗಿಯು ನಿಮಿಷದಲ್ಲಿ ಕೆಂಪು ಉಗುರುಬಣ್ಣದ ಶೀಸೆಯನ್ನು ತಂದುಕೊಟ್ಟಳು. ಅದು ಎಲ್ಲಿಂದ ಬಂದಿತೆಂದು ನಾವು ಅಂದು ವಿಚಾರಿಸಲಿಲ್ಲ. ಆ ಗುರುತು ಆ ಒಂದು ಸಾಕೆಟ್ಟಿಗೆ ಮಾತ್ರ ಸಲ್ಲುವುದು. ಪಕ್ಕದ ಸಾಕೆಟ್ಟಿನಲ್ಲಿ ತಂತಿಗಳನ್ನು ಅದಲುಬದಲಾಗಿ ಕಟ್ಟಿರಬಹುದು. ಸ್ಥಳ ಬದಲಾದರೆ ಪರೀಕ್ಷೆಯೂ ಹೊಸದು.

ವಿದ್ಯುತ್ ಕೇಂದ್ರಗಳಲ್ಲಿಯೂ ಒಂದು ಯಂತ್ರದ ಜೊತೆಗೆ ಎರಡನೆಯದನ್ನು ಸೇರಿಸುವ ಮೊದಲು ಹೀಗೆಯೇ ನಡುವೆ ದೀಪಗಳನ್ನು ಕಟ್ಟಿ, ಅವು ಆರಿದ ಕ್ಷಣವನ್ನು ಕಾದು ಸ್ವಿಚ್ಚು ಹಾಕುವ ಪದ್ಧತಿಯಿತ್ತು. ಕ್ರಮೇಣ ಆ ಕೆಲಸವನ್ನು ಉಪಕರಣಗಳೇ ವಹಿಸಿಕೊಂಡವು. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹೋದ ಚರಿತ್ರೆಯನ್ನು ಪಾಠ ಮಾಡುವಾಗ ಈಗ ನಾವು ಈ ದೀಪದ ವಿಷಯವನ್ನೂ ಸೇರಿಸಿ ಹೇಳುತ್ತೇವೆ. ಹುಡುಗಿಯರು ಬೇಗನೆ ಗ್ರಹಿಸುತ್ತಾರೆ.

ಫೇಸು ಕೂಡಿದ ಮಾತ್ರಕ್ಕೆ ಕಿತ್ತ ಪ್ಲಗ್ಗಿನ ಅಪಾಯವು ನೀಗುವುದಿಲ್ಲ. ಇದನ್ನು ಒತ್ತಿ ಹೇಳುತ್ತೇವೆ, ಯಾಕಂದರೆ ಅನೇಕರು ಎರಡನ್ನೂ ಒಂದೇ ಎಂದು ತಿಳಿಯುವರು. ಫೇಸು ಕೂಡಿಸುವುದು ಕಿಡಿಗೂ ಬೆಂಕಿಗೂ ಪರಿಹಾರ. ಕಡ್ಡಿಗಳ ಅಪಾಯಕ್ಕೆ ಪರಿಹಾರ ಬೇರೆ: ಎಲ್ಲಾ ಟ್ರಾನ್ಸ್‌ಫಾರ್ಮರುಗಳೂ ಒಂದೇ ಬೋರ್ಡಿನಲ್ಲಿದ್ದು, ಒಂದೇ ಸ್ವಿಚ್ಚಿನಿಂದ ಕೂಡಿಯೇ ಹೊತ್ತಿ ಕೂಡಿಯೇ ಆರಬೇಕು, ಮತ್ತು ಆ ಸ್ವಿಚ್ಚು ಆರುವ ತನಕ ಯಾವ ಪ್ಲಗ್ಗನ್ನೂ ಯಾರೂ ಕೀಳಕೂಡದು. ಫೇಸು ಕೂಡಿದಾಗಲೂ ಒಂದು ಗುಂಡಿ 16ರಲ್ಲಿ, ಇನ್ನೊಂದು 10ರಲ್ಲಿ ಇದ್ದರೆ ನಡುವಣ 6 ವೋಲ್ಟು ದಾಟುವ ಕ್ಷಣದಲ್ಲಿ ಸುತ್ತುತ್ತದೆ. ಆದ್ದರಿಂದ ದಾಟಿಸುವಾಗ ಎರಡನ್ನೂ ಹೆಚ್ಚುಕಡಿಮೆ ಸಮನಾಗಿಟ್ಟು, ಕೂಡುವ ಜಾಗದ ಮೇಲೆ ರೈಲನ್ನು ನಿಲ್ಲಿಸದಿರುವುದು ಲೇಸು. ಮನೆಯಲ್ಲಿ ಅಜ್ಜನ ಕಾಲದ ಟ್ರಾನ್ಸ್‌ಫಾರ್ಮರು, ಅದರಲ್ಲಿಯೂ ಲೋಹದ ಕವಚದ್ದು, ಬಟ್ಟೆ ಸುತ್ತಿದ ತಂತಿಯದ್ದು ಇದ್ದರೆ, ಬಲ್ಲವರಿಗೆ ತೋರಿಸದೆ ಮಕ್ಕಳ ಕೈಗೆ ಕೊಡಬೇಡಿರಿ. ಈಗಿನ ಡಿಜಿಟಲ್ ರೈಲುಗಳ ಪೆಟ್ಟಿಗೆಗಳಿಗೆ ನಾವು ಹೇಳಿದ ದೀಪದ ಪರೀಕ್ಷೆಯು ಸಲ್ಲದು; ಅವುಗಳ ಕೈಪಿಡಿಯನ್ನೇ ಅನುಸರಿಸಬೇಕು, ಅದು ಯಾವ ಭಾಷೆಯಲ್ಲಿದ್ದರೂ ಓದಿಸಿಕೊಳ್ಳಬೇಕು.

ಸ್ಮರಣೋತ್ಸವದ ದಿವಸ ಮಧ್ಯಾಹ್ನ ರೈಲು ಓಡುವುದು. ಬೋರ್ಡಿನ ದೊಡ್ಡ ಸ್ವಿಚ್ಚು ಬಾಗಿಲ ಬಳಿಯಲ್ಲಿ, ಎದೆಯ ಎತ್ತರಕ್ಕೆ, ಕೆಂಪು ಬಣ್ಣದಲ್ಲಿದೆ. ಅದರ ಹತ್ತಿರ ಹನ್ನೊಂದನೆಯ ತರಗತಿಯಲ್ಲಿ ವಿಜ್ಞಾನವನ್ನು ಆರಿಸಿಕೊಂಡಿರುವ ನಮ್ಮ ಅದೇ ಹುಡುಗಿಯು ನಿಂತಿರುವಳು. ನೋಡಲು ಬರುವ ಪೋಷಕರು ಹಳಿಯನ್ನೂ ಇಂಜಿನನ್ನೂ ಬೇಕಾದರೆ ಮುಟ್ಟಿ ನೋಡಬಹುದು. ಪ್ಲಗ್ಗುಗಳನ್ನು ಮಾತ್ರ ಅವಳನ್ನು ಕೇಳದೆ ಮುಟ್ಟಬೇಡಿರಿ.